ಫ್ಲೆಮಿಂಗೊ ನೋಡಲು ಹೊರಟ ಮಗಳಿಗೆ

ಚಿನ್ನಿ,

ಡಿಸೆಂಬರ್ ರಜೆಗೆ ನೈರೋಬಿಗೆ ಬರುತ್ತೇನೆ, ನಕುರು ಸರೋವರ ತೋರಿಸಲೇಬೇಕು ಅಂತ ನೀನು ಕಳಿಸಿದ ಮೆಸೇಜ್ ನೋಡಿದ್ದೇ ತಡ, ಅಪ್ಪ ಗಾಡಿಯ ಟೈರಿಗೆ ಗಾಳಿ ಹೊಡೆಸಿಕೊಂಡು ಬಂದರು. ಇನ್ನೂ ಎಷ್ಟು ದಿನ ಇದೆ, ಏನವಸರ ಅಂದರೆ ಕೇಳಬೇಕಲ್ಲ. ಬಾ, ಖಂಡಿತ ಬಾ. ಆದರೆ ಮೆಸೇಜ್ ಜೊತೆ ಒಂದು ಫೋಟೊ ಕಳಿಸಿದ್ದೀಯಲ್ಲ, ದಡದಿಂದ ದಡಕ್ಕೆ ಬರೀ ಗುಲಾಬಿ, ನೀರೇ ಕಾಣದಷ್ಟು ಫ್ಲೆಮಿಂಗೊ, ಅದು ಹಳೇ ನಕುರು. ಅದನ್ನೇ ತಲೆಯಲ್ಲಿಟ್ಟುಕೊಂಡು ಬಂದರೆ ಗೇಟಿನ ಒಳಗೆ ಹೋದ ಅರ್ಧ ಗಂಟೆಗೆ ನಿನ್ನ ಮುಖ ಊದಿಕೊಳ್ಳುತ್ತದೆ, ಆಮೇಲೆ ಪಕ್ಕದಲ್ಲೇ ಘೇಂಡಾಮೃಗ ನಿಂತಿದ್ದರೂ ನಿನಗೆ ಕಾಣುವುದಿಲ್ಲ. ನನ್ನ ಮಗಳು ನನಗೆ ಗೊತ್ತಿಲ್ವಾ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀನು ಹಕ್ಕಿ ನೋಡಲು ಕಲಿತದ್ದು ಗದಗ ಜಿಲ್ಲೆಯ ನಮ್ಮ ಮಾಗಡಿ ಕೆರೆಯಲ್ಲಿ. ಅಲ್ಲಿ ಲೆಕ್ಕ ಸುಲಭ. ಚಳಿ ಶುರುವಾದರೆ ಹಿಮಾಲಯ ದಾಟಿಕೊಂಡು ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ, ಬಿಸಿಲು ಏರುವ ಹೊತ್ತಿಗೆ ಹೊರಡುತ್ತವೆ. ಹೊಲದ ಕಡಲೆ, ಶೇಂಗಾ ಮೇಯುತ್ತವೆ ಅಂತ ಅಜ್ಜಿ ಬೈಯುವ ತಿಂಗಳೂ ಅದೇ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿತು ಅಂತ ನೀನು ಕುಣಿದಾಡಿದ್ದು ನೆನಪಿದೆ. ಇಲ್ಲಿನ ಫ್ಲೆಮಿಂಗೊಗಳಿಗೆ ಅಂಥ ಪಂಚಾಂಗ ಇಲ್ಲ. ಈಗ ಬೊಗೋರಿಯಾದಲ್ಲಿ ಲಕ್ಷಗಟ್ಟಲೆ ಇದ್ದವು ಸ್ವಲ್ಪ ದಿನಕ್ಕೆ ಎಲ್ಮೆಂಟೈಟಾದಲ್ಲಿ ಇರಬಹುದು, ಇನ್ಯಾವಾಗಲೋ ನಕುರುಗೇ ಬರಬಹುದು. ರಾತ್ರಿ ಹೊತ್ತು ಎದ್ದು ಹಾರುತ್ತವೆ, ಬೆಳಗಾದರೆ ಇನ್ನೊಂದು ಸರೋವರ. ಅವು ತಿಂಗಳು ನೋಡುವುದಿಲ್ಲ, ನೀರು ನೋಡುತ್ತವೆ.

ಆ ನೀರಿನ ಕತೆ ಸ್ವಲ್ಪ ಹೇಳಿಬಿಡುತ್ತೇನೆ. ನೀನು ಪ್ರಾಣಿಶಾಸ್ತ್ರ ಓದುವವಳು, ಹೆಚ್ಚುಕಡಿಮೆ ಆದರೆ ತಿದ್ದಿಕೋ. ಆಫ್ರಿಕಾದ ಪೂರ್ವಕ್ಕೆ ನೆಲ ಉದ್ದಕ್ಕೆ ಸೀಳಿ ಕುಸಿದು ಆದ ದೊಡ್ಡ ತಗ್ಗು ರಿಫ್ಟ್ ಕಣಿವೆ. ಅದರ ತಳದಲ್ಲಿ ಸಾಲಾಗಿ ಸರೋವರಗಳಿವೆ. ಸುತ್ತಲೂ ಜ್ವಾಲಾಮುಖಿಯ ಕಲ್ಲು, ಬೂದಿ. ಮಳೆನೀರು, ಬಿಸಿನೀರಿನ ಬುಗ್ಗೆ ಎರಡೂ ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್ ಹೊತ್ತುಕೊಂಡು ಬಂದು ಸೇರುತ್ತವೆ, ಅಂದರೆ ನಮ್ಮ ಬಟ್ಟೆ ಸೋಡಾ, ಅಡುಗೆ ಸೋಡಾ. ಒಳಗೆ ಬರಲು ಹೊಳೆ ಇದೆ, ಹೊರಗೆ ಹೋಗಲು ದಾರಿ ಇಲ್ಲ. ಬಿಸಿಲಿಗೆ ನೀರು ಮಾತ್ರ ಆರುತ್ತದೆ. ಸಾರು ಕುದಿದು ಇಂಗಿದಾಗ ಉಪ್ಪು ಮುಂದಾಗುತ್ತದಲ್ಲ, ಹಾಗೆ ಸೋಡಾ ಹೆಚ್ಚುತ್ತಾ ಹೋಗುತ್ತದೆ. ನೀರು ಎಷ್ಟು ಕ್ಷಾರ ಅಂತ ಅಳೆಯುವ ಪಿಎಚ್ ಸುಮಾರು 10, ಶುದ್ಧ ನೀರಿನದು 7. ಅಂಥ ನೀರಲ್ಲಿ ಹೆಚ್ಚಿನ ಮೀನು, ಗಿಡ ಬದುಕುವುದಿಲ್ಲ. ಖುಷಿಯಾಗಿ ಬೆಳೆಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ನೀಲಿಹಸಿರು ಪಾಚಿ, ಸ್ಪಿರುಲಿನಾ. ನಮ್ಮಲ್ಲಿ ಮಾತ್ರೆ ಮಾಡಿ ದುಬಾರಿ ರೇಟಿಗೆ ಮಾರುತ್ತಾರಲ್ಲ, ಅದರದೇ ಬಳಗ.

ಸಣ್ಣ ಫ್ಲೆಮಿಂಗೊ, ಅಂದರೆ ಲೆಸ್ಸರ್, ಅದಕ್ಕೆ ಅದೇ ಊಟ. ತಲೆ ಕೆಳಗೆ ಮಾಡಿ ಕೊಕ್ಕನ್ನು ಮಗುಚಿ ನೀರಿನ ಮೇಲ್ಪದರದಲ್ಲಿ ಆಡಿಸುತ್ತದೆ, ನಾಲಿಗೆಯಿಂದ ನೀರನ್ನು ಎಳೆದು ಹೊರದೂಡುತ್ತದೆ, ಕೊಕ್ಕಿನ ಒಳಗಿನ ಸಣ್ಣ ಜಾಲರಿಯಲ್ಲಿ ಪಾಚಿ ಉಳಿಯುತ್ತದೆ. ಆ ಗುಲಾಬಿ ಬಣ್ಣವೂ ಅಲ್ಲಿಂದಲೇ ಬಂದದ್ದು. ಮರಿಗಳು ಬೂದು ಬಣ್ಣ. ಜೊತೆಯಲ್ಲಿ ಉದ್ದ ಕಾಲಿನ, ಮಾಸಿದ ಬಿಳಿಯ ದೊಡ್ಡ ಫ್ಲೆಮಿಂಗೊ ಕೂಡ ಇರುತ್ತದೆ, ಅದು ಕೆಸರು ಕೆದಕಿ ಹುಳುಹುಪ್ಪಟೆ ತಿನ್ನುತ್ತದೆ. ಹಾಗಾಗಿ ಎರಡಕ್ಕೂ ಜಗಳ ಇಲ್ಲ. ಕೊಕ್ಕು ನೋಡು, ಸಣ್ಣದರ ಕೊಕ್ಕು ದೂರದಿಂದ ಪೂರ್ತಿ ಕಪ್ಪಾಗಿ ಕಾಣುತ್ತದೆ, ದೊಡ್ಡದರದು ಗುಲಾಬಿ, ತುದಿ ಮಾತ್ರ ಕಪ್ಪು.

ಈಗ ನಕುರುಗೆ ಏನಾಯಿತು ಅಂದರೆ, ನೀರು ಜಾಸ್ತಿ ಆಯಿತು. ಕೇಳಲು ವಿಚಿತ್ರ ಅನ್ನಿಸುತ್ತದೆ, ನಮ್ಮಲ್ಲಿ ಕೆರೆ ತುಂಬಿದರೆ ಬಾಗಿನ ಕೊಡುತ್ತೇವೆ. ಇಲ್ಲಿ 2010ರ ನಂತರ ರಿಫ್ಟ್ ಕಣಿವೆಯ ಸರೋವರಗಳೆಲ್ಲ ಏರುತ್ತಾ ಬಂದವು. ಮಳೆ ಹೆಚ್ಚಾದದ್ದು ದೊಡ್ಡ ಕಾರಣ, ಮೇಲಿನ ಮೌ ಕಾಡು ಕಡಿದು ಹೂಳು ಹರಿದು ಬಂದದ್ದೂ ಸೇರಿದೆ ಅನ್ನುತ್ತಾರೆ. ನಕುರು ಪಾರ್ಕಿನ ಹಳೆಯ ಮುಖ್ಯ ಗೇಟು, ಕಚೇರಿ, ದಡದ ರಸ್ತೆ ಎಲ್ಲ ಮುಳುಗಿದವು. ಸಿಹಿನೀರು ಸೇರಿ ಸೋಡಾ ತೆಳುವಾಯಿತು, ಸ್ಪಿರುಲಿನಾ ಕಮ್ಮಿಯಾಯಿತು, ಫ್ಲೆಮಿಂಗೊ ಎದ್ದು ಹೋದವು. ಕೆಲವು ಇವೆ, ಇಲ್ಲ ಅಂತಲ್ಲ, ಒಂದು ಮೂಲೆಯಲ್ಲಿ ತೆಳ್ಳಗೆ ಒಂದು ಗೆರೆ ಕಂಡರೂ ಕಾಣಬಹುದು. ಆದರೆ ಟೂರ್ ಕಂಪನಿಯವರು ಈಗಲೂ ಹಳೇ ಫೋಟೊ ಹಾಕಿಯೇ ಟಿಕೆಟ್ ಮಾರುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ.

ಹಾಗಂತ ನಕುರು ಬಿಡಬೇಡ. ಫ್ಲೆಮಿಂಗೊ ಇಲ್ಲದ ನಕುರುವೇ ನನಗೆ ಹೆಚ್ಚು ಇಷ್ಟ ಅಂದರೆ ಅಪ್ಪ ನಗುತ್ತಾರೆ. ಮುಳುಗಿದ ದಡದಲ್ಲಿ ಹಳದಿ ತೊಗಟೆಯ ಜಾಲಿಮರಗಳು ಸತ್ತು ಒಣಗಿ ನೀರಲ್ಲೇ ನಿಂತಿವೆ. ಅದರ ಕೊಂಬೆ ಕೊಂಬೆಯಲ್ಲೂ ನೀರುಕಾಗೆ, ತುದಿಯಲ್ಲಿ ಬಿಳಿ ತಲೆಯ ಫಿಶ್ ಈಗಲ್ ಕೂತಿರುತ್ತದೆ. ಒಂದು ಕೂಗಿದರೆ ಇನ್ನೊಂದು ಕತ್ತು ಹಿಂದಕ್ಕೆ ಬಗ್ಗಿಸಿ ಉತ್ತರ ಕೊಡುತ್ತದೆ. ಹೆಜ್ಜಾರ್ಲೆಗಳ ಕತೆ ಇನ್ನೂ ಮಜವಾಗಿದೆ. ಮೊದಲು ನಕುರುವಿನಲ್ಲಿ ಮೀನೇ ಇರಲಿಲ್ಲ. ಸೊಳ್ಳೆ ಕಮ್ಮಿ ಮಾಡಲು ಅಂತ 1950ರ ದಶಕದಿಂದ ಮಾಗಡಿ ಸರೋವರದ (ನಮ್ಮದಲ್ಲ, ಕೀನ್ಯಾದಲ್ಲೂ ಒಂದು ಮಾಗಡಿ ಇದೆ) ಸೋಡಾ ತಡೆಯುವ ಸಣ್ಣ ತಿಲಾಪಿಯಾ ತಂದು ಬಿಟ್ಟರು. ಮೀನು ಬಂದದ್ದೇ ಅದನ್ನು ತಿನ್ನಲು ಹೆಜ್ಜಾರ್ಲೆಗಳು ಬಂದವು. ಗೂಡು ಕಟ್ಟುವುದು ಪಕ್ಕದ ಎಲ್ಮೆಂಟೈಟಾದ ಕಲ್ಲುಗುಡ್ಡೆಗಳ ಮೇಲೆ, ಊಟಕ್ಕೆ ಬರುವುದು ನಕುರುಗೆ. ಬಿಸಿಲೇರಿ ಗಾಳಿ ಬಿಸಿಯಾದ ಮೇಲೆ ಗುಂಪು ಗುಂಪಾಗಿ ಸುತ್ತುತ್ತಾ ಮೇಲೇರುತ್ತವೆ. ಆಗ ಬೈನಾಕ್ಯುಲರ್ ಬೇಡ, ಸುಮ್ನೆ ತಲೆ ಎತ್ತಿ ನೋಡು.

ಪ್ರಾಣಿಗಳ ವಿಷಯಕ್ಕೆ ಬಂದರೆ, ಆನೆ ಮಾತ್ರ ಇಲ್ಲಿ ಕೇಳಬೇಡ. ನಕುರು ಪಾರ್ಕ್ ಇರುವುದು ಸುಮಾರು 188 ಚದರ ಕಿಲೋಮೀಟರ್, ಸುತ್ತ ಕರೆಂಟ್ ಬೇಲಿ, ಬೇಲಿಯ ಆಚೆಗೇ ನಕುರು ಸಿಟಿ. ಕಳ್ಳಬೇಟೆಯಿಂದ ಘೇಂಡಾಮೃಗ ಉಳಿಸಲು 1980ರ ದಶಕದಲ್ಲಿ ಹಾಕಿದ ಬೇಲಿ ಅದು. ಬಯಲಲ್ಲಿ ಹುಲ್ಲು ಮೇಯುತ್ತಿದ್ದರೆ ಬಿಳಿ ಘೇಂಡಾ, ಪೊದೆಯಲ್ಲಿ ಸೊಪ್ಪು ಕಿತ್ತು ತಿನ್ನುತ್ತಿದ್ದರೆ ಕರಿ ಘೇಂಡಾ. ಬಣ್ಣ ನೋಡಿ ಹೇಳಲು ಹೋಗಬೇಡ, ಎರಡೂ ಕೆಸರಿನ ಬಣ್ಣದವೇ. ರಾತ್‌ಶೈಲ್ಡ್ ಜಿರಾಫೆಗಳನ್ನು 1977ರಲ್ಲಿ ಪಶ್ಚಿಮ ಕೀನ್ಯಾದಿಂದ ತಂದು ಬಿಟ್ಟದ್ದು. ಮೊಣಕಾಲಿನ ಕೆಳಗೆ ಚುಕ್ಕೆ ಇಲ್ಲ, ಬಿಳಿ ಸಾಕ್ಸ್ ಹಾಕಿದಂತೆ ಕಾಣುತ್ತವೆ. ಇನ್ನು ನಿನಗಾಗಿ ನಾನು ಗುರುತು ಮಾಡಿ ಇಟ್ಟದ್ದು ಲೈಲಾಕ್ ಎದೆಯ ರೋಲರ್. ನಮ್ಮ ರಾಜ್ಯಪಕ್ಷಿ ನೀಲಕಂಠದ ಹತ್ತಿರದ ಸಂಬಂಧಿ, ಆದರೆ ಎದೆ ನೇರಳೆ, ಬಾಲದಲ್ಲಿ ಎರಡು ಉದ್ದ ಗರಿ. ಕಂಬದ ಮೇಲೆ ಕೂತು ಪೋಸ್ ಕೊಡುವ ಚಾಳಿ ಮಾತ್ರ ಎರಡಕ್ಕೂ ಒಂದೇ.

ಗುಲಾಬಿ ನೋಡಲೇಬೇಕು ಅಂದರೆ ಬೊಗೋರಿಯಾಕ್ಕೆ ಹೋಗಬೇಕು. ನಕುರುವಿನಿಂದ ಉತ್ತರಕ್ಕೆ ಹೊರಟರೆ ಮೊಗೋಟಿಯೊ ಹತ್ತಿರ ಸಮಭಾಜಕ ರೇಖೆ ದಾಟುತ್ತೀಯ, ಬೋರ್ಡ್ ಇದೆ, ಫೋಟೊ ತೆಗೆಸಿಕೊಳ್ಳುವುದು ಇದ್ದದ್ದೇ. ಅಲ್ಲಿಂದ ರಸ್ತೆ ಇಳಿಯುತ್ತಾ ಹೋಗುತ್ತದೆ, ಸೆಕೆ ಏರುತ್ತಾ ಹೋಗುತ್ತದೆ. ನಕುರು 1750 ಮೀಟರ್ ಎತ್ತರದಲ್ಲಿದೆ, ಬೆಳಗ್ಗೆ ಸ್ವೆಟರ್ ಬೇಕು. ಬೊಗೋರಿಯಾ 1000 ಮೀಟರ್ ಆಸುಪಾಸು, ಮಧ್ಯಾಹ್ನ ನೆಲ ಕಾಯುತ್ತದೆ. ದಡದಲ್ಲಿ ನೆಲದೊಳಗಿಂದ ಕುದಿಯುವ ನೀರು ಚಿಮ್ಮುತ್ತದೆ, ಹಬೆ ಏಳುತ್ತದೆ, ಅದರ ಪಕ್ಕದಲ್ಲೇ ಫ್ಲೆಮಿಂಗೊ. ಜನ ಮೊಟ್ಟೆ ಬೇಯಿಸಿಕೊಳ್ಳುತ್ತಿದ್ದ ಬುಗ್ಗೆಗಳಲ್ಲಿ ಕೆಲವು ಏರಿದ ನೀರಿನಲ್ಲಿ ಮುಳುಗಿವೆ. ಈ ನೀರೂ ಏರಿದೆ, ಆದರೆ ಸೋಡಾ ಮೊದಲೇ ಗಟ್ಟಿ ಇದ್ದದ್ದರಿಂದ ನಕುರುವಿನಷ್ಟು ಕೆಟ್ಟಿಲ್ಲ. ಇಲ್ಲಿ ಮೀನಿಲ್ಲ, ಹಾಗಾಗಿ ಫಿಶ್ ಈಗಲ್ ಫ್ಲೆಮಿಂಗೊವನ್ನೇ ಹಿಡಿಯುತ್ತದೆ. ಒಂದು ಹದ್ದು ಮೇಲಿಂದ ಬಂದರೆ ಸಾವಿರಾರು ಹಕ್ಕಿ ಒಟ್ಟಿಗೆ ಏಳುತ್ತವೆ, ನೋಡಲು ಚೆಂದ, ಅವುಗಳ ಪಾಲಿಗೆ ಜೀವ ಹೋಗುವ ಸಂಗತಿ. ಉಳಿದದ್ದಕ್ಕೆ ಮಾರಬು ಕೊಕ್ಕರೆ ಕಾಯುತ್ತಾ ನಿಂತಿರುತ್ತದೆ. ಬೋಳು ತಲೆ, ಜೋತುಬಿದ್ದ ಚೀಲ, ಇದಕ್ಕಿಂತ ಕುರೂಪದ ಹಕ್ಕಿ ನಾನು ನೋಡಿಲ್ಲ. ನೀನು ಅದನ್ನೂ ಮುದ್ದು ಅನ್ನುತ್ತೀಯ, ಗೊತ್ತು. ಬೊಗೋರಿಯಾದ ಇನ್ನೊಂದು ಲಾಭ, ಅಲ್ಲಿ ಗಾಡಿ ಇಳಿದು ನಡೆಯಲು ಬಿಡುತ್ತಾರೆ. ನಕುರುವಿನಲ್ಲಿ ಹೇಳಿದ ಜಾಗ ಬಿಟ್ಟು ಎಲ್ಲೂ ಇಳಿಯುವಂತಿಲ್ಲ, ಸಿಂಹ ಇವೆ.

ಅಲ್ಲಿ ಇನ್ನೊಂದು ಸಂಗತಿ ತಿಳಿದುಕೊಂಡು ಹೋಗು. ಆ ದಡ ಎಂಡೊರೊಯಿಸ್ ಅನ್ನುವ ದನಕರು ಸಾಕುವ ಜನರದು. 1970ರ ದಶಕದಲ್ಲಿ ಅಭಯಾರಣ್ಯ ಮಾಡುತ್ತೇವೆ ಅಂತ ಅವರನ್ನು ಎಬ್ಬಿಸಿದರು. ಅವರು ಬಿಡಲಿಲ್ಲ, ಆಫ್ರಿಕಾದ ಮಾನವ ಹಕ್ಕು ಆಯೋಗದವರೆಗೂ ಹೋದರು, 2010ರಲ್ಲಿ ಆಯೋಗ ಅವರ ಪರ ತೀರ್ಪು ಕೊಟ್ಟಿತು. ನಾಗರಹೊಳೆಯ ಜೇನುಕುರುಬರ ವಿಷಯದಲ್ಲಿ ನೀನು ಅಪ್ಪನ ಜೊತೆ ವಾದ ಮಾಡುತ್ತಿದ್ದೆಯಲ್ಲ, ಇಲ್ಲೂ ಮಾಡಬಹುದು. ನಾನು ನಿನ್ನ ಕಡೆ. ಗೈಡ್ ಬೇಕಾದರೆ ಆ ಊರಿನವರನ್ನೇ ಕರೆದುಕೊಳ್ಳೋಣ, ದುಡ್ಡು ಅಲ್ಲೇ ಉಳಿಯಲಿ.

ಮರಿ ನೋಡಬೇಕು ಅಂತಲೂ ಬರೆದಿದ್ದೀಯ. ಅದು ಆಗುವುದಿಲ್ಲ. ಪೂರ್ವ ಆಫ್ರಿಕಾದ ಸಣ್ಣ ಫ್ಲೆಮಿಂಗೊಗಳು ನೆಚ್ಚಿಕೊಂಡು ಮರಿ ಮಾಡುವ ಜಾಗ ಒಂದೇ, ಗಡಿಯಾಚೆ ತಾಂಜಾನಿಯಾದ ನೇಟ್ರಾನ್ ಸರೋವರ. ನಟ್ಟನಡುವೆ ಸೋಡಾ ಕೆಸರಿನ ಮೇಲೆ ಮಣ್ಣಿನ ಗುಪ್ಪೆ ಕಟ್ಟಿ ಒಂದೇ ಒಂದು ಮೊಟ್ಟೆ ಇಡುತ್ತವೆ. ಚರ್ಮ ಸುಡುವ ಆ ಕೆಸರೇ ಅವುಗಳಿಗೆ ಕಾವಲು, ನರಿ, ಕತ್ತೆಕಿರುಬ ದಾಟಿ ಬರುವುದಿಲ್ಲ. ಅಲ್ಲಿ ಸೋಡಾ ತೆಗೆಯುವ ಕಾರ್ಖಾನೆ ಹಾಕಲು ನಮ್ಮ ಟಾಟಾ ಕೆಮಿಕಲ್ಸ್ ತಾಂಜಾನಿಯಾ ಸರ್ಕಾರದ ಜೊತೆ ಯೋಜನೆ ಹಾಕಿತ್ತು, ಹಕ್ಕಿ ಪ್ರಿಯರು ದೊಡ್ಡ ಗಲಾಟೆ ಎಬ್ಬಿಸಿದ ಮೇಲೆ 2008ರಲ್ಲಿ ಹಿಂದೆ ಸರಿಯಿತು. ಕೀನ್ಯಾದ ಮಾಗಡಿಯಲ್ಲಿ ನೂರು ವರ್ಷಕ್ಕೂ ಮೇಲಿಂದ ಸೋಡಾ ತೆಗೆಯುತ್ತಿದ್ದಾರೆ, ಆ ಕಂಪನಿಯನ್ನೂ ಟಾಟಾದವರು ಕೊಂಡುಕೊಂಡರು. ಗಾಜು ಮಾಡಲು ಸೋಡಾ ಬೇಕೇ ಬೇಕು, ಅದೂ ಸರಿ. ಆದರೆ ಮರಿ ಮಾಡುವ ಜಾಗ ಇರುವುದು ಒಂದೇ, ಅಲ್ವಾ?

ಈಗ ಕೆಲಸದ ಮಾತು. ಹಳದಿ ಜ್ವರದ ಲಸಿಕೆ ಮೊದಲು ಹಾಕಿಸಿಕೋ, ಹೊರಡುವ ಹತ್ತು ದಿನ ಮುಂಚೆಯಾದರೂ ಆಗಿರಬೇಕು. ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಆ ಕಾರ್ಡ್ ಇಲ್ಲದೆ ವಾಪಸ್ ಹೋದರೆ ಇಂಡಿಯಾದ ಏರ್‌ಪೋರ್ಟಿನಲ್ಲೇ ಹಿಡಿದು ಕ್ವಾರಂಟೈನಿಗೆ ಹಾಕುತ್ತಾರೆ. ವೀಸಾ ಬದಲು 2024ರಿಂದ ಆನ್‌ಲೈನಿನಲ್ಲಿ ಇಟಿಎ ಅನ್ನುವ ಪ್ರಯಾಣದ ಅನುಮತಿ, ಅಪ್ಪ ನೋಡಿಕೊಳ್ಳುತ್ತಾರೆ. ಪ್ಲಾಸ್ಟಿಕ್ ಕವರ್ ಒಂದೂ ತರಬೇಡ, ಇಲ್ಲಿ 2017ರಿಂದ ನಿಷೇಧ. ಪಾರ್ಕಿನ ಒಳಗೆ ಮಿನರಲ್ ವಾಟರ್ ಬಾಟಲಿಯೂ ಇಲ್ಲ, ಸ್ಟೀಲ್ ಬಾಟಲಿ ತಾ. ಬೈನಾಕ್ಯುಲರ್ ನಿನ್ನದೇ ತಾ, ನನ್ನದು ಕೊಡುವುದಿಲ್ಲ.

ನೈರೋಬಿಯಿಂದ ನಕುರು ಸುಮಾರು 160 ಕಿಲೋಮೀಟರ್, ಉಗಾಂಡಾ ಕಡೆಯ ಲಾರಿಗಳ ಸಾಲು ಸಿಕ್ಕಿದರೆ ದೇವರೇ ಗತಿ. ಆದರೂ ಅಪ್ಪನ ಪ್ಲಾನ್ ಏನು ಗೊತ್ತಾ, ಬೆಳಗ್ಗೆ ಹೋಗಿ ಸಂಜೆ ವಾಪಸ್, ಮಿಕ್ಕ ದಿನ ಮಸಾಯಿ ಮಾರಾ. ಹಾಗೆ ಮಾಡಿದರೆ ಬೊಗೋರಿಯಾ ತಪ್ಪಿತು, ಬೆಳಗಿನ ಹಕ್ಕಿಗಳೂ ತಪ್ಪಿದವು. ನೀನು ಫೋನ್ ಮಾಡಿದಾಗ ನಕುರುವಿನಲ್ಲಿ ಒಂದು ರಾತ್ರಿ, ಬೊಗೋರಿಯಾ ಹತ್ತಿರ ಒಂದು ರಾತ್ರಿ ಬೇಕೇ ಬೇಕು ಅನ್ನು. ನಾನು ಹೇಳಿಕೊಟ್ಟೆ ಅನ್ನಬೇಡ.

ನಿನ್ನ
ಅಮ್ಮ