ಬೇಡದ ತಂತ್ರಾಂಶದ ಬೆಲೆ ಬಿಲ್ಲಿನಲ್ಲಿ ಕಾಣಲಿ

ಮಾನ್ಯ ಸಂಪಾದಕರೇ,

ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ಕೇಳಿದರೆ ಮಾರುವವರು ಥಟ್ಟನೆ ಹೇಳುತ್ತಾರೆ. ಅದರಲ್ಲಿ ಮೊದಲೇ ಅಳವಡಿಸಿರುವ, ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಆಪರೇಟಿಂಗ್ ಸಿಸ್ಟಮ್‌ಗೆ ನಾವು ತೆರುತ್ತಿರುವ ಹಣವೆಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಬಿಲ್ಲಿನಲ್ಲಿ ಯಂತ್ರಕ್ಕೂ ತಂತ್ರಾಂಶಕ್ಕೂ ಸೇರಿ ಒಂದೇ ಮೊತ್ತವಿರುತ್ತದೆ. ಹೀಗಾಗಿ ಉಚಿತವಾಗಿ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸಲು ಮೊದಲೇ ನಿರ್ಧರಿಸಿದವರು ಕೂಡ ಬಹುಪಾಲು ಮಾದರಿಗಳಲ್ಲಿ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್‌ನ ಬೆಲೆಯನ್ನು ಸೇರಿಸಿಯೇ ಕೊಡಬೇಕಾಗುತ್ತದೆ.

ಇದು ಹಳೆಯ ದೂರು. ತನ್ನ ಸಿಸ್ಟಮ್ ಇರಲಿ, ಇಲ್ಲದಿರಲಿ, ರವಾನೆಯಾದ ಪ್ರತಿ ಕಂಪ್ಯೂಟರಿನ ಲೆಕ್ಕದಲ್ಲಿ ತಯಾರಕರಿಂದ ಶುಲ್ಕ ಪಡೆಯುವ ಮೈಕ್ರೋಸಾಫ್ಟ್‌ನ ಒಪ್ಪಂದಗಳಿಗೆ ಅಮೆರಿಕ ಸರ್ಕಾರ 1994ರಲ್ಲಿ ತಡೆ ಹಾಕಿತು. 1999ರ ಫೆಬ್ರುವರಿ 15ರಂದು, ಬಳಸದ ವಿಂಡೋಸ್‌ನ ಹಣ ಮರಳಿಸಿರೆಂದು ಲಿನಕ್ಸ್ ಬಳಕೆದಾರರು ಕ್ಯಾಲಿಫೋರ್ನಿಯಾದಲ್ಲಿ ಅದೇ ಕಂಪನಿಯ ಕಚೇರಿಗೇ ಹೋದಾಗ, ತಯಾರಕರನ್ನು ಕೇಳಿ ಎಂಬ ಉತ್ತರ ಬಂತು. ವಿಂಡೋಸ್ ಪರವಾನಗಿಯ ಷರತ್ತುಗಳು ಇಂದಿಗೂ ಹೇಳುವುದು ಅದನ್ನೇ: ಒಪ್ಪದವರು ತಯಾರಕರನ್ನು ಸಂಪರ್ಕಿಸಿ ಅವರ ನಿಯಮದಂತೆ ಹಣ ಪಡೆಯಬಹುದು, ಆದರೆ ಅದಕ್ಕಾಗಿ ಇಡೀ ಯಂತ್ರವನ್ನೇ ಹಿಂದಿರುಗಿಸಬೇಕಾಗಿ ಬರಬಹುದು. ತಂತ್ರಾಂಶ ಬೇಡವೆಂದವರು ಲ್ಯಾಪ್‌ಟಾಪನ್ನೂ ಬಿಟ್ಟುಕೊಡಬೇಕೆಂದರೆ ಅದನ್ನು ಆಯ್ಕೆ ಎನ್ನಲು ಮನಸ್ಸು ಬಾರದು.

ನ್ಯಾಯಾಲಯಗಳ ದಾರಿಯೂ ಒಂದೇ ಆಗಿಲ್ಲ. ಇಟಲಿಯ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಇಂಥ ಹಣ ಮರುಪಾವತಿಯನ್ನು ಎತ್ತಿಹಿಡಿಯಿತು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯವಾದರೋ 2016ರಲ್ಲಿ ಸೋನಿ ಲ್ಯಾಪ್‌ಟಾಪಿನ ಪ್ರಕರಣದಲ್ಲಿ, ತಂತ್ರಾಂಶದ ಬೆಲೆಯನ್ನು ಬೇರೆಯಾಗಿ ತೋರಿಸದಿರುವುದು ಗ್ರಾಹಕರ ದಾರಿ ತಪ್ಪಿಸಿದಂತಲ್ಲ ಎಂದಿತು. ಆದ್ದರಿಂದ ಒಬ್ಬೊಬ್ಬ ಗ್ರಾಹಕರೂ ಮೊಕದ್ದಮೆ ಹೂಡಿ ಪಡೆಯಬೇಕಾದ ಹಕ್ಕಾಗಿ ಇದನ್ನು ಉಳಿಸದೆ, ಸ್ಪಷ್ಟ ನಿಯಮವನ್ನೇ ಮಾಡುವುದು ಸೂಕ್ತ.

ಇನ್ನು ಆಪರೇಟಿಂಗ್ ಸಿಸ್ಟಮ್‌ನ ಬೆನ್ನಿಗೆ ಬರುವ, ಕೆಲ ದಿನ ಮಾತ್ರ ಉಚಿತವಾಗಿ ನಡೆಯುವ ಪ್ರಾಯೋಗಿಕ ಆಂಟಿವೈರಸ್, ಆಟ, ಆನ್‌ಲೈನ್ ಅಂಗಡಿಗಳ ಕೊಂಡಿಗಳ ಹಾವಳಿ. ಅಳಿಸಿದರಾಯಿತಲ್ಲ ಎನ್ನುವವರಿದ್ದಾರೆ. ಆದರೆ ತಯಾರಕರೇ ಇಟ್ಟ ರಿಕವರಿ ಪ್ರತಿಯಿಂದ ಯಂತ್ರವನ್ನು ಮೊದಲ ಸ್ಥಿತಿಗೆ ತಂದರೆ ಅಳಿಸಿದ್ದೆಲ್ಲ ಮರಳಿ ಬರುವುದುಂಟು. ಅಪಾಯವೂ ಊಹೆಯ ಮಾತಲ್ಲ: 2014ರಿಂದ ಲೆನೊವೊ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪುಗಳಲ್ಲಿ ತುಂಬಿದ್ದ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶವು, ಬ್ಯಾಂಕಿನ ತಾಣಗಳೂ ಸೇರಿದಂತೆ ಗೂಢಲಿಪೀಕೃತ ಸಂಪರ್ಕಗಳ ನಡುವೆ ನುಗ್ಗುವ ಸಲುವಾಗಿ ತನ್ನದೇ ರೂಟ್ ಸರ್ಟಿಫಿಕೇಟನ್ನು (ತಾಣವೊಂದು ಅಸಲಿಯೆಂದು ಯಂತ್ರ ನಂಬಲು ಆಧಾರವಾಗುವ ಪ್ರಮಾಣಪತ್ರ) ಅಳವಡಿಸುತ್ತಿತ್ತು. ಎಲ್ಲ ಯಂತ್ರಗಳಿಗೂ ಅದರ ರಹಸ್ಯ ಸಂಕೇತವಾದ ಖಾಸಗಿ ಕೀ ಒಂದೇ ಇದ್ದುದರಿಂದ, ಅದು ಕೈಗೆ ಸಿಕ್ಕ ಯಾವನಾದರೂ ನಕಲಿ ತಾಣವನ್ನು ಅಸಲಿಯೆಂದು ನಂಬಿಸಬಹುದಿತ್ತು. 2017ರಲ್ಲಿ ಲೆನೊವೊ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಈ ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತು.

ತೆರೆದ ಕೂಡಲೇ ಕೆಲಸಕ್ಕೆ ಸಿದ್ಧವಾಗಿರುವ ಯಂತ್ರವೇ ಹೆಚ್ಚಿನವರಿಗೆ ಬೇಕೆಂಬುದು ನಿಜ. ಅದನ್ನು ನಿಷೇಧಿಸಬೇಕೆಂದು ನಾನು ಹೇಳುತ್ತಿಲ್ಲ. ಫ್ರೀಡಾಸ್ ಎಂಬ ಸರಳ ಉಚಿತ ಸಿಸ್ಟಮ್ ಅಥವಾ ಲಿನಕ್ಸ್ ಇರುವ ಕೆಲವು ಮಾದರಿಗಳನ್ನು ತಯಾರಕರೇ ಮಾರುತ್ತಿರುವಾಗ, ಉಳಿದ ಮಾದರಿಗಳಲ್ಲಿ ಆ ಆಯ್ಕೆ ನೀಡಲು ತಾಂತ್ರಿಕ ಅಡ್ಡಿಯಿದೆ ಎಂದು ನಂಬುವುದು ಕಷ್ಟ. ಆಪರೇಟಿಂಗ್ ಸಿಸ್ಟಮ್‌ನ ಬೆಲೆಯನ್ನು ಬಿಲ್ಲಿನಲ್ಲಿ ಬೇರೆಯಾಗಿ ನಮೂದಿಸಬೇಕು. ಮೊದಲ ಸಲ ಚಾಲೂ ಮಾಡಿದಾಗ ಷರತ್ತನ್ನು ನಿರಾಕರಿಸಿದವರಿಗೆ, ಯಂತ್ರವನ್ನು ಉಳಿಸಿಕೊಂಡೇ ಆ ಹಣವನ್ನು ಮರಳಿ ಪಡೆಯುವ ಅವಕಾಶವಿರಬೇಕು. ಪ್ರಾಯೋಗಿಕ ತಂತ್ರಾಂಶಗಳಿಂದ ಬರುವ ಆದಾಯವೇ ಲ್ಯಾಪ್‌ಟಾಪಿನ ಬೆಲೆಯನ್ನು ಇಳಿಸಿದೆ ಎಂಬುದು ತಯಾರಕರ ಪರವಾಗಿ ಕೇಳಿಬರುವ ವಾದ. ಹಾಗಿದ್ದರೆ ಇಳಿದದ್ದು ಎಷ್ಟೆಂದು ಅವರು ಪ್ರಕಟಿಸಲಿ. ಅಷ್ಟು ಹೆಚ್ಚು ಕೊಟ್ಟು ಅವುಗಳಿಲ್ಲದ ಯಂತ್ರವನ್ನು ಕೊಳ್ಳಲು ಸಿದ್ಧರಿರುವವರಿಗೆ ಅದನ್ನೇ ಮಾರಲಿ.

ಇತಿ,
ಓರ್ವ ಓದುಗ