ಫಾಲ್ಸ್ ಸೀಲಿಂಗ್ ಮೇಲೂ ಸ್ವಲ್ಪ ನೋಡಿ

ಸಂಪಾದಕರಿಗೆ ನಮಸ್ಕಾರ,

ಪುಣೆಯ ಹೊಸ ಮನೆಗಳಲ್ಲಿ ಈಗೀಗ ಡಕ್ಟ್ ಎಸಿ, ಅಂದ್ರೆ ಫಾಲ್ಸ್ ಸೀಲಿಂಗ್ ಮೇಲಿನ ಕೊಳವೆಗಳಲ್ಲಿ (ಡಕ್ಟ್) ಕೋಣೆಗಳಿಗೆ ತಂಪು ಗಾಳಿ ಕಳಿಸುವ ಎಸಿ, ಹಾಕಿಸುವವರು ಜಾಸ್ತಿ. ತಂಪು ಸಾಲದು ಅಂದ್ರೆ ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿ, ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ಫಾಲ್ಸ್ ಸೀಲಿಂಗ್ ಮೇಲೆ ಯಾರೂ ತಲೆ ಹಾಕುವುದಿಲ್ಲ. ನಾನು ಪಟ್ಟು ಹಿಡಿದು ತೆಗೆಸಿದೆ. ಮಲಗುವ ಕೋಣೆಯ ಕೊಳವೆ ಜಾಯಿಂಟಿನಲ್ಲೇ ಕಳಚಿತ್ತು, ಬಟ್ಟೆ ಟೇಪು ಒಣಗಿ ಹಪ್ಪಳದ ಹಾಗೆ ಮುರುಟಿತ್ತು, ತಂಪೆಲ್ಲ ಕಾದ ಸ್ಲ್ಯಾಬಿನ ಪಾಲು!

ಅಮೆರಿಕದಲ್ಲಿ ಅಟ್ಟದಲ್ಲೇ ಡಕ್ಟ್ ಎಳೆಯುವುದು ಮಾಮೂಲು. ಸಾಮಾನ್ಯ ಮನೆಯಲ್ಲಿ ಡಕ್ಟಿನ ಗಾಳಿಯ ಶೇ. 20ರಿಂದ 30ರಷ್ಟು ಸೋರಿಹೋಗುತ್ತದೆ ಅಂತ ಅಲ್ಲಿನ ಸರ್ಕಾರದ ಇಂಧನ ಉಳಿತಾಯ ಯೋಜನೆ ಎನರ್ಜಿ ಸ್ಟಾರ್ ಹೇಳುತ್ತದೆ. ನಮಗೆ ಮಳೆಗಾಲದ ತೇವ ಬೇರೆ. ಹೊದಿಕೆ ಹರಿದ ಕಡೆ ತಣ್ಣನೆಯ ತಗಡಿನ ಮೇಲೆ ನೀರು ಕಟ್ಟುತ್ತದೆ, ಕೆಳಗೆ ಹಳದಿ ಕಲೆ ಬೀಳುತ್ತದೆ, ನಾವು ತಾರಸಿ ಸೋರುತ್ತಿದೆ ಅಂತ ಸುಮ್ನೆ ಸೊಸೈಟಿಯವರ ಜೊತೆ ಜಗಳಕ್ಕೆ ನಿಲ್ಲುತ್ತೇವೆ, ಅಲ್ವಾ? ಮೆತ್ತನೆ ಕೊಳವೆಯನ್ನು ಮಡಚಿ ತುರುಕಿದರೂ ಗಾಳಿ ಬರುವುದಿಲ್ಲ.

ಬಿಲ್ಡರುಗಳು ಒಬ್ಬ ಮನುಷ್ಯ ನುಸುಳುವಷ್ಟಾದರೂ ಕಿಂಡಿ ಬಿಡಲಿ. ಜಾಯಿಂಟಿಗೆ ಬಟ್ಟೆ ಟೇಪು ಬೇಡ, ಮ್ಯಾಸ್ಟಿಕ್ (ಸಂದಿಗೆ ಬಳಿಯುವ ಅಂಟು) ಅಥವಾ ಒಳ್ಳೆಯ ಫಾಯಿಲ್ ಟೇಪು ಹಾಕಲಿ. ಕೆಲಸ ಮುಗಿದ ಮೇಲೆ ಸೀಲಿಂಗ್ ಮುಚ್ಚುವ ಮುಂಚೆ ಮನೆಯವರಿಗೆ ತೋರಿಸಲಿ.

– ಒಬ್ಬ ಓದುಗ, ಬಾಣೇರ್, ಪುಣೆ