ಕಿಡ್ನಿ ಕೊಟ್ಟವರಿಗೂ ಕಾಲು ಉಳಿಸಿದವರಿಗೂ

ಕಿಡ್ನಿ ಕಸಿಯಾಗಿ ಇವತ್ತಿಗೆ ಒಂದು ವರ್ಷ ತುಂಬಿತು. ರಕ್ತದ ಕ್ರಿಯಾಟಿನಿನ್ 1.2ರಲ್ಲಿ ನಿಂತಿದೆ, ಅಂದರೆ ಹೊಸ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ.

ಮೊದಲ ನಮಸ್ಕಾರ, ಹೆಸರೂ ಗೊತ್ತಿಲ್ಲದ ಆ ಮನೆಯವರಿಗೆ. ನಿಮ್ಮವರನ್ನು ಕಳೆದುಕೊಂಡ ಹೊತ್ತಿನಲ್ಲೇ, ಕಣ್ಣೀರು ಆರುವ ಮೊದಲೇ, ಅಂಗದಾನಕ್ಕೆ ಒಪ್ಪಿದಿರಿ. ನಾನು ಖುಷಿಪಡುವಾಗೆಲ್ಲ ನಿಮ್ಮ ದುಃಖ ನೆನಪಾಗುತ್ತದೆ; ನೆನಪಾಗಲೇಬೇಕು.

ಇನ್ನು ನಮ್ಮ ವ್ಯಾಸ್ಕುಲರ್ ಸರ್ಜನ್, ಅಂದರೆ ರಕ್ತನಾಳಗಳ ಶಸ್ತ್ರಚಿಕಿತ್ಸೆ ಮಾಡುವ ಮೇಡಂ. ಕಸಿ ಎಂದ ಕೂಡಲೇ ಎಲ್ಲರೂ ಕಿಡ್ನಿ ಡಾಕ್ಟರನ್ನು ನೆನೆಯುತ್ತಾರೆ, ನೆನೆಯಬೇಕಾದ್ದೇ. ಆದರೆ ನನ್ನಂತೆ ದಶಕಗಳಿಂದ ಶುಗರ್ ಇರುವವರಿಗೆ ರಕ್ತನಾಳವೇ ದೊಡ್ಡ ಪ್ರಶ್ನೆ. ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ. ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿಟ್ಟು, ಕಾಲಿನ ಕಡೆ ರಕ್ತ ಒಯ್ಯುವ ಅಪಧಮನಿಗೆ ಹೊಲಿಯುತ್ತಾರೆ. ಅದರ ಗೋಡೆಯಲ್ಲಿ ಕ್ಯಾಲ್ಸಿಯಂ ಕಟ್ಟಿ ಮೊಟ್ಟೆಯ ಚಿಪ್ಪಿನಂತಾಗಿದ್ದರೆ ಹೊಲಿಗೆ ಹಾಕುವುದೇ ಕಷ್ಟ. ಮೊದಲೇ ಸೊರಗಿದ ಕಾಲಿಗೆ ರಕ್ತ ಇನ್ನಷ್ಟು ಕಡಿಮೆಯಾಗುವ ಭಯವೂ ಇದೆ.

ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡಲು ಅಳೆದ ನನ್ನ ಕಣಕಾಲಿನ ಬಿಪಿ ಚೆನ್ನಾಗಿಯೇ ಬಂದಿತ್ತು. ಮೇಡಂ ನಂಬಲಿಲ್ಲ. ಗಟ್ಟಿಯಾದ ನಾಳ ಬಿಪಿ ಪಟ್ಟಿಯ ಒತ್ತಡಕ್ಕೆ ಬಗ್ಗುವುದಿಲ್ಲ, ಹಾಗಾಗಿ ಅಂಕಿ ಸುಳ್ಳೇ ಹೆಚ್ಚು ತೋರಿಸುತ್ತದೆ ಎಂದು, ಹೆಬ್ಬೆರಳಿಗೆ ಪುಟ್ಟ ಪಟ್ಟಿ ಸುತ್ತಿ ಮತ್ತೆ ಅಳೆದರು. ಎಡಗಾಲಿಗೆ ರಕ್ತ ಸಾಲದು ಎಂಬ ಸತ್ಯ ಆಗ ಹೊರಬಿತ್ತು. ಸಿಟಿ ಸ್ಕ್ಯಾನ್ ಮಾಡಿಸಿ, ಎಡಗಾಲಿಗೆ ಆಂಜಿಯೋಪ್ಲಾಸ್ಟಿ ಮಾಡಿ ಕಿರಿದಾದ ನಾಳ ಅಗಲಿಸಿ, ಕಿಡ್ನಿಗೆ ಬಲಪಕ್ಕವನ್ನು ಆರಿಸಿದರು. ಕಸಿಗಾಗಿ ಕಾಯುತ್ತಿರುವ ಶುಗರ್ ಇರುವವರೇ, ಹೆಬ್ಬೆರಳಿನ ಒತ್ತಡ ನೋಡಬೇಕೇ ಎಂದು ನಿಮ್ಮ ಡಾಕ್ಟರನ್ನು ಕೇಳಿ.

ಡಯಾಲಿಸಿಸ್ ಘಟಕದ ಸಿಸ್ಟರ್, ನಿಮಗೆ ಏನು ಹೇಳಲಿ? ಪ್ರತಿ ಸಲ ನನ್ನ ಸಾಕ್ಸ್ ನೀವೇ ಬಿಚ್ಚುತ್ತಿದ್ದಿರಿ. ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ನೋಡಲು, 10 ಗ್ರಾಂ ಭಾರಕ್ಕೆ ಬಾಗುವ ಆ ನೈಲಾನ್ ಎಳೆಯನ್ನು ಅಂಗಾಲಿಗೆ ಅದು ಬಾಗುವವರೆಗೆ ಒತ್ತಿ, "ಗೊತ್ತಾಗ್ತಿದ್ಯಾ ಸರ್?" ಎಂದು ಕೇಳುತ್ತಿದ್ದಿರಿ. ಎಷ್ಟೋ ಕಡೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಬೆರಳ ಸಂದಿಯ ಹುಣ್ಣು ನೋಯಲೇ ಇಲ್ಲ, ಕಂಡದ್ದು ನಿಮ್ಮ ಕಣ್ಣಿಗೆ. ಅದು ಕೀವಾಗಿದ್ದರೆ ಕಸಿಯ ಸರದಿ ಬಂದರೂ ಕೈತಪ್ಪುತ್ತಿತ್ತು. ಒಣಗುವವರೆಗೆ ನೀವು ಬೇಸರಪಡದೆ ಡ್ರೆಸ್ಸಿಂಗ್ ಮಾಡಿದಿರಿ.

ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್, ಸ್ಟೀರಾಯ್ಡ್ ಶುರುವಾದ ಮೇಲೆ ಏರಿದ ಶುಗರ್‌ಗೆ ತಕ್ಕಂತೆ ಇನ್ಸುಲಿನ್ ಹೊಂದಿಸಿಕೊಟ್ಟ ಡಾಕ್ಟರಿಗೂ, ರೆಟಿನಾಕ್ಕೆ ಲೇಸರ್ ಮಾಡಿ ದೃಷ್ಟಿ ಉಳಿಸಿದವರಿಗೂ ನಾನು ಋಣಿ.

ನನ್ನ ಹೆಂಡತಿ ಈಗಲೂ ರಾತ್ರಿ ಮಲಗುವ ಮುಂಚೆ ನನ್ನ ಎರಡೂ ಪಾದ ನೋಡುತ್ತಾಳೆ. ಅವಳಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ. ಆದರೂ ಹೇಳುತ್ತಿದ್ದೇನೆ, ಎಲ್ಲರ ಮುಂದೆ.